ಟೆನ್ಷನ್ ಕಣ್ಣಿಗೂ ಇಳಿಯುತ್ತದೆಯೇ?

ಓದುಗರ ಪತ್ರ: ನಮ್ಮ ಯಜಮಾನರಿಗೆ 43 ವರ್ಷ. ತಿಪಟೂರಿನ ಹತ್ತಿರ ಗೊಬ್ಬರ, ಬೀಜದ ಅಂಗಡಿ ಇಟ್ಟಿದ್ದಾರೆ. ಎರಡು ವರ್ಷದಿಂದ ಕೊಟ್ಟ ಸಾಲ ವಸೂಲಾಗದೆ ಒದ್ದಾಡುತ್ತಿದ್ದಾರೆ, ರಾತ್ರಿ ನಿದ್ದೆ ಇಲ್ಲ. ಹೋದ ತಿಂಗಳು ಲೆಕ್ಕದ ಪುಸ್ತಕ ನೋಡುವಾಗ ಎಡಗಣ್ಣಿಗೆ ಗೆರೆಗಳೆಲ್ಲ ನಡುವೆ ಸೊಟ್ಟಗೆ ಕಂಡವು. ಅಕ್ಷರದ ಮೇಲೆ ಮಸುಕು ಕಲೆ. ಕಣ್ಣಿನ ಡಾಕ್ಟರು ಸ್ಕ್ಯಾನ್ ಮಾಡಿ, ಚೀಟಿಯಲ್ಲಿ ಸಿ.ಎಸ್.ಆರ್. ಅಂತ ಬರೆದು, "ಟೆನ್ಷನ್ ಕಡಿಮೆ ಮಾಡ್ಕೊಳ್ಳಿ, ಒಂದು ತಿಂಗಳು ಬಿಟ್ಟು ಬನ್ನಿ" ಎಂದರು. ಡ್ರಾಪ್ಸ್ ಕೂಡ ಕೊಡಲಿಲ್ಲ. ಟೆನ್ಷನ್‌ನಿಂದ ಕಣ್ಣು ಹಾಳಾಗುತ್ತದೆಯೇ? ನಮ್ಮ ಮಾವನವರು ಲಕ್ವ ಹೊಡೆದು ತೀರಿಕೊಂಡರು. ಇದು ಮೆದುಳಿಗೂ ಹೋಗುತ್ತದೇನೋ ಎಂದು ಭಯ. ದಿನಾ ಹೇಳ್ತೀನಿ ಟೆನ್ಷನ್ ಮಾಡ್ಕೋಬೇಡಿ ಅಂತ, ಕೇಳಲ್ಲ. ತೊಡೆಯ ಹುಳುಕಡ್ಡಿಗೆ ಮೆಡಿಕಲ್ ಶಾಪಿನಿಂದ ತಂದ ಮುಲಾಮು ಹಚ್ಚುವುದು ಬಿಟ್ಟರೆ ಬೇರೆ ಯಾವ ಔಷಧಿಯನ್ನೂ ಅವರು ತಗೊಳ್ಳಲ್ಲ.
— ಓದುಗರೊಬ್ಬರು, ತುಮಕೂರು ಜಿಲ್ಲೆ

ಸಂಪಾದಕರ ಉತ್ತರ:

ಸಹೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಕೊನೆಯ ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಆ ಮುಲಾಮಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ನಾನು ಡಾಕ್ಟರಲ್ಲ. ಓದಿ, ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡದ್ದನ್ನು ಬರೆಯುತ್ತಿದ್ದೇನೆ.

ಡಾಕ್ಟರು ನಿಮ್ಮನ್ನು ಸುಮ್ನೆ ಸಾಗಹಾಕಿಲ್ಲ. ಸಿ.ಎಸ್.ಆರ್. ಅಂದರೆ ಸೆಂಟ್ರಲ್ ಸೀರಸ್ ರೆಟಿನೋಪತಿ. 1866ರಲ್ಲೇ ಜರ್ಮನಿಯ ಕಣ್ಣಿನ ವೈದ್ಯ ಆಲ್ಬ್ರೆಕ್ಟ್ ಫಾನ್ ಗ್ರೇಫ ಇದರ ಬಗ್ಗೆ ಬರೆದಿದ್ದರು. ಹೆಂಗಸರಿಗಿಂತ ಗಂಡಸರಿಗೆ ಇದು ಹಲವು ಪಟ್ಟು ಜಾಸ್ತಿ. ಅದರಲ್ಲೂ 30ರಿಂದ 50 ವರ್ಷದೊಳಗಿನವರಿಗೆ, ಅಂದರೆ ಮನೆಯ ಭಾರ ಹೆಗಲ ಮೇಲಿರುವ ವಯಸ್ಸಿನಲ್ಲಿ.

ಆಗುವುದು ಇಷ್ಟು. ನಮಗೆ ಚಿತ್ರ ಕಾಣಿಸುವ ತೆಳು ಪರದೆ ರೆಟಿನಾ. ಅದರ ಹಿಂದೆ ಕೋರಾಯ್ಡ್ ಎಂಬ ಪದರ ಇದೆ, ಪೂರ್ತಿ ರಕ್ತನಾಳಗಳದ್ದೇ ಹೆಣಿಗೆ. ಅದರ ಗಾತ್ರಕ್ಕೆ ಹೋಲಿಸಿದರೆ ಅಲ್ಲಿ ಹರಿಯುವಷ್ಟು ರಕ್ತ ಮೈಯಲ್ಲಿ ಬೇರೆಡೆ ಹರಿಯುವುದು ಅಪರೂಪ. ಈ ಎರಡರ ನಡುವೆ ಒಂದೇ ಸಾಲು ಜೀವಕೋಶಗಳ ಒಡ್ಡು. ಮನಸ್ಸು ಸದಾ ಗಾಬರಿಯಲ್ಲಿದ್ದರೆ ಮೈಯಲ್ಲಿ ಕಾರ್ಟಿಸಾಲ್, ಅಡ್ರಿನಲಿನ್ ಏರುತ್ತವೆ. ನಾಯಿ ಅಟ್ಟಿಸಿಕೊಂಡು ಬಂದಾಗ ಓಡಲು ಬೇಕಾದ ರಸಗಳು ಅವು. ಹತ್ತು ನಿಮಿಷಕ್ಕೆ ಸರಿ. ಎರಡು ವರ್ಷ ಹಾಗೇ ಇದ್ದರೆ? ಕೋರಾಯ್ಡಿನ ನಾಳಗಳು ಊದಿಕೊಂಡು ಜಿನುಗಲು ಶುರುವಾಗಬಹುದು. ಒಡ್ಡಿನಲ್ಲಿ ಸಣ್ಣ ದಾರಿ ಸಿಕ್ಕರೆ ಆ ನೀರು ರೆಟಿನಾದ ಕೆಳಗೆ ಸೇರುತ್ತದೆ. ಮಳೆಗಾಲದಲ್ಲಿ ತೇವ ಹಿಡಿದ ಗೋಡೆಯ ಸುಣ್ಣ ಅಲ್ಲಲ್ಲಿ ಉಬ್ಬಿಕೊಳ್ಳುತ್ತದಲ್ಲ, ಹಾಗೆ. ಉಬ್ಬಿದ ಪರದೆಯ ಮೇಲೆ ಬಿದ್ದ ನೇರ ಗೆರೆ ಸೊಟ್ಟಗೆ ಕಾಣದೆ ಇನ್ನೇನು?

ಡ್ರಾಪ್ಸ್ ಯಾಕೆ ಕೊಡಲಿಲ್ಲ ಅಂದಿರಿ. ಬಹಳ ಜನರಿಗೆ ಈ ನೀರು ಮೂರು ನಾಲ್ಕು ತಿಂಗಳಲ್ಲಿ ತಾನಾಗಿ ಇಂಗುತ್ತದೆ. ಅದಕ್ಕೇ ಕಾದು ನೋಡುತ್ತಾರೆ. ಇಂಗದೆ ಉಳಿದರೆ ಲೇಸರ್‌ನಂಥ ಚಿಕಿತ್ಸೆಗಳಿವೆ. ಕೆಲವರಿಗೆ ಮತ್ತೆ ಮತ್ತೆ ಬರುತ್ತದೆ, ಹಾಗಾದಾಗ ದೃಷ್ಟಿ ಪೂರ್ತಿ ಹಿಂದಕ್ಕೆ ಬರದೇ ಇರಬಹುದು. ಆದ್ದರಿಂದ ಹೇಳಿದ ತಾರೀಕಿಗೆ ತಪ್ಪದೆ ತೋರಿಸಿ.

ಈಗ ಮುಲಾಮು. ಹುಳುಕಡ್ಡಿಗೆ ಅಂಗಡಿಯಲ್ಲಿ ಕೇಳಿ ತರುವ ಮುಲಾಮುಗಳಲ್ಲಿ ಬಹಳಷ್ಟಕ್ಕೆ ಸ್ಟೆರಾಯ್ಡ್ ಬೆರೆಸಿರುತ್ತಾರೆ. ಹಚ್ಚಿದ ತಕ್ಷಣ ತುರಿಕೆ ನಿಲ್ಲುವುದು ಅದರಿಂದಲೇ. ಟ್ಯೂಬಿನ ಮೇಲೆ ಕ್ಲೊಬೆಟಸಾಲ್, ಬೀಟಾಮೆಥಾಸೋನ್ ಎಂಬ ಹೆಸರಿದೆಯಾ ನೋಡಿ. ಸ್ಟೆರಾಯ್ಡ್ ಅಂದರೆ ಕಾರ್ಟಿಸಾಲಿನ ಬಳಗವೇ. ಮಾತ್ರೆ, ಇಂಜೆಕ್ಷನ್, ಆಸ್ತಮಾದ ಇನ್‌ಹೇಲರ್, ಮೂಗಿನ ಸ್ಪ್ರೇ, ಚರ್ಮದ ಮುಲಾಮು, ಇವುಗಳಲ್ಲಿ ಯಾವ ದಾರಿಯಿಂದ ಮೈ ಸೇರಿದರೂ ಸಿ.ಎಸ್.ಆರ್. ಬಂದ ಉದಾಹರಣೆಗಳಿವೆ. ಚಿಂತೆಯ ಕಾರ್ಟಿಸಾಲ್ ಒಳಗಿನಿಂದ, ಮುಲಾಮಿನದು ಹೊರಗಿನಿಂದ. ನಿಮ್ಮ ಯಜಮಾನರಿಗೆ ಎರಡೂ ಸೇರಿರಬಹುದು ಎಂದು ನನ್ನ ಅನುಮಾನ. "ಏನಾದರೂ ಔಷಧಿ ತಗೊಳ್ತೀರಾ" ಎಂದು ಡಾಕ್ಟರು ಕೇಳಿರುತ್ತಾರೆ, ಇವರು ಇಲ್ಲ ಅಂದಿರುತ್ತಾರೆ. ಮುಲಾಮನ್ನು ಯಾರು ಔಷಧಿ ಅಂದುಕೊಳ್ಳುತ್ತಾರೆ ಹೇಳಿ! ಇದನ್ನು ಓದುವ ಬೇರೆಯವರಿಗೂ ಒಂದು ಮಾತು: ಡಾಕ್ಟರು ಬರೆದುಕೊಟ್ಟ ಇನ್‌ಹೇಲರ್ ಅಥವಾ ಸ್ಟೆರಾಯ್ಡ್ ಮಾತ್ರೆಯನ್ನು ಹೆದರಿ ಥಟ್ಟನೆ ನಿಲ್ಲಿಸಬೇಡಿ. ಅದು ಇನ್ನೂ ಅಪಾಯ. ಅವರನ್ನೇ ಕೇಳಿ.

ಇನ್ನು ಮೆದುಳಿನ ಭಯ. ಸಿ.ಎಸ್.ಆರ್. ಕಣ್ಣಿನಿಂದ ಹರಿದು ಮೆದುಳಿಗೆ ಹೋಗುವ ರೋಗವಲ್ಲ. ಆ ಚಿಂತೆ ಬಿಡಿ. ಆದರೆ ಕಣ್ಣಿಗೂ ಮೆದುಳಿಗೂ ನಂಟಿದೆ. ತಾಯಿಯ ಹೊಟ್ಟೆಯಲ್ಲಿ ಮಗು ಬೆಳೆಯುವಾಗ ರೆಟಿನಾ ಮೆದುಳಿನ ಭಾಗದಿಂದಲೇ ಚಾಚಿಕೊಂಡು ಹುಟ್ಟುತ್ತದೆ. 1851ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ನೋಡುವ ಉಪಕರಣದ ಬಗ್ಗೆ ಜಗತ್ತಿಗೆ ತಿಳಿಸಿದ ಮೇಲೆ, ಮೈ ಕೊಯ್ಯದೆ ಜೀವಂತ ರಕ್ತನಾಳವನ್ನು ಕಣ್ಣಾರೆ ನೋಡುವುದು ಸಾಧ್ಯವಾಯಿತು. ಬಿ.ಪಿ. ವರ್ಷಗಟ್ಟಲೆ ಜಾಸ್ತಿ ಇದ್ದವರ ರೆಟಿನಾದಲ್ಲಿ ಸಣ್ಣ ನಾಳಗಳು ದಪ್ಪಗಟ್ಟಿ, ತಾಮ್ರದ ತಂತಿಯ ಹಾಗೆ ಹೊಳೆಯುತ್ತವೆ. ಮೆದುಳಿನ ಆಳದ ಸಣ್ಣ ನಾಳಗಳಿಗೂ ಇದೇ ಗತಿ, ಅಲ್ಲಿ ನಮಗೆ ಕಾಣುವುದಿಲ್ಲ ಅಷ್ಟೇ. ಮೆದುಳು ಮೈಯ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ನಾವು ಬಳಸುವ ಆಮ್ಲಜನಕದಲ್ಲಿ ಸುಮಾರು 20 ಪಾಲು ಅದಕ್ಕೇ ಬೇಕು. ನಾಳ ಗಡುಸಾದರೆ ಮೊದಲು ಒದ್ದಾಡುವುದು ಅದೇ.

ಚಿಂತೆ ಇಲ್ಲಿ ಎಷ್ಟು ಕೆಲಸ ಮಾಡುತ್ತದೆ? ಭಾರತವೂ ಸೇರಿ 22 ದೇಶಗಳಲ್ಲಿ ನಡೆದ ಇಂಟರ್‌ಸ್ಟ್ರೋಕ್ ಅಧ್ಯಯನದ ಮೊದಲ ವರದಿ 2010ರಲ್ಲಿ ಬಂತು. ಲಕ್ವದ ಅಪಾಯದಲ್ಲಿ ನೂರಕ್ಕೆ 90ರಷ್ಟಕ್ಕೆ ಹತ್ತು ಅಂಶಗಳು ಕಾರಣ ಎಂದು ಅದು ಲೆಕ್ಕ ಹಾಕಿತು. ಮಾನಸಿಕ ಒತ್ತಡ ಆ ಹತ್ತರಲ್ಲಿ ಒಂದು. ಎಲ್ಲಕ್ಕಿಂತ ದೊಡ್ಡದು ಬಿ.ಪಿ. ಆದ್ದರಿಂದ ಟೆನ್ಷನ್ ಒಂದನ್ನೇ ದೂರಿ ಬಿ.ಪಿ. ನೋಡಿಸದೆ ಕೂತರೆ ದೊಡ್ಡ ಕಳ್ಳನನ್ನು ಬಿಟ್ಟ ಹಾಗಾಗುತ್ತದೆ. ಎರಡೂ ಕೈ ಹಿಡಿದು ನಡೆಯುತ್ತವೆ ಅನ್ನುವುದೂ ನಿಜ. ಸರಿಯಾಗಿ ಮಲಗಿದಾಗ ಬಿ.ಪಿ. ನೂರಕ್ಕೆ 10ರಿಂದ 20ರಷ್ಟು ಇಳಿದು ನಾಳಗಳಿಗೆ ಬಿಡುವು ಸಿಗುತ್ತದೆ. ಲೆಕ್ಕ ಹಾಕುತ್ತಾ ಹೊರಳಾಡುವವನಿಗೆ ಆ ಬಿಡುವು ಎಲ್ಲಿಂದ ಬರಬೇಕು? ನಿಮ್ಮ ಮಾವನವರ ಕಥೆ ಗೊತ್ತಿರುವಾಗ, ಈ ವಾರವೇ ಯಜಮಾನರ ಬಿ.ಪಿ., ಸಕ್ಕರೆ ನೋಡಿಸಿ. ಬಿ.ಪಿ. 140/90 ದಾಟುತ್ತಲೇ ಇದ್ದರೆ ಮಾತ್ರೆ ಬೇಕಾದೀತು, ಅದಕ್ಕೆ ಹಿಂಜರಿಯಬೇಡಿ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುತ್ತದೆಯೇ ಎಂದೂ ಗಮನಿಸಿ. ಅದಕ್ಕೂ ಬಿ.ಪಿ.ಗೂ ಸಂಬಂಧವಿದೆ.

ಮನೆಯಲ್ಲಿ ಮಾಡಬಹುದಾದ ಒಂದು ಸಣ್ಣ ಕೆಲಸ ಹೇಳುತ್ತೇನೆ. ಮಕ್ಕಳ ಚೌಕುಳಿ ಗಣಿತ ಪುಸ್ತಕದ ಒಂದು ಹಾಳೆ ಹರಿದು ನಡುವೆ ಚುಕ್ಕೆ ಇಡಿ. ಓದುವಷ್ಟು ದೂರದಲ್ಲಿ ಹಿಡಿದು, ಕನ್ನಡಕವಿದ್ದರೆ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ಆ ಚುಕ್ಕೆ ನೋಡಲಿ. ಗೆರೆಗಳು ಮೊದಲಿಗಿಂತ ಹೆಚ್ಚು ಸೊಟ್ಟಗೆ ಕಂಡರೆ, ಅಥವಾ ಬಲಗಣ್ಣಿಗೂ ಹಾಗೆ ಕಂಡರೆ, ತಾರೀಕು ಕಾಯಬೇಡಿ.

ಮತ್ತೊಂದನ್ನು ಗಟ್ಟಿಯಾಗಿ ಹೇಳಲೇಬೇಕು, ಯಾಕೆಂದರೆ ನಮ್ಮ ಮನೆಯಲ್ಲೇ ಆಗಿದೆ. ನಮ್ಮ ಚಿಕ್ಕಪ್ಪನಿಗೆ ಒಂದು ಬೆಳಿಗ್ಗೆ ಒಂದು ಕಣ್ಣಿಗೆ ಪರದೆ ಇಳಿದ ಹಾಗಾಗಿ, ಹತ್ತು ನಿಮಿಷದಲ್ಲಿ ಸರಿಹೋಯಿತು. ನಿದ್ದೆಗೆಟ್ಟಿದ್ದಕ್ಕೆ ಹೀಗೆ ಅಂದುಕೊಂಡು ಯಾರಿಗೂ ಹೇಳಲಿಲ್ಲ. ನಾಲ್ಕನೇ ದಿನ ಬಲಗೈ, ಮಾತು ಎರಡೂ ಬಿದ್ದುಹೋದವು. ಕಣ್ಣು ಥಟ್ಟನೆ ಕತ್ತಲಾದರೆ, ಮರಳಿ ಸರಿಹೋದರೂ, ಅದು ಮೆದುಳಿಗೆ ಹೋಗುವ ರಕ್ತದ ಎಚ್ಚರಿಕೆ ಇರಬಹುದು. ಮುಖ ವಾಲುವುದು, ಕೈ ಸೋಲುವುದು, ಮಾತು ತೊದಲುವುದು ಕಂಡರೂ ಹಾಗೇ. 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಆದ್ದರಿಂದ ಆದಷ್ಟು ಬೇಗ ತಲುಪಿ.

ಕೊನೆಗೆ, "ಟೆನ್ಷನ್ ಮಾಡ್ಕೋಬೇಡಿ ಅಂದ್ರೆ ಕೇಳಲ್ಲ" ಅಂದಿರಿ. ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಆ ಮಾತು ಅವರ ಕಿವಿಗೆ ಇನ್ನೊಂದು ಬಾಕಿಯ ಹಾಗೆ ಬೀಳುತ್ತಿರಬಹುದು, ಅಲ್ವಾ? ಕಣ್ಣು ಕೆಟ್ಟಿದ್ದೂ ತನ್ನದೇ ತಪ್ಪು ಅನ್ನಿಸಿರಬಹುದು. ಅದರ ಬದಲು ಒಂದು ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಆ ಲೆಕ್ಕದ ಪುಸ್ತಕ ನೀವು ತೆಗೆದುಕೊಳ್ಳಿ. ಹೇಗೂ ಅವರಿಗೆ ಗೆರೆ ಸರಿಯಾಗಿ ಕಾಣುತ್ತಿಲ್ಲ. ಅವರು ಹೇಳಲಿ, ನೀವು ಬರೆಯಿರಿ: ಯಾರು ಎಷ್ಟು ಕೊಡಬೇಕು, ಯಾರದು ಬರುವ ಹಾಗಿಲ್ಲ, ಬ್ಯಾಂಕಿನಲ್ಲಿ ಕಂತಿಗೆ ಕಾಲಾವಕಾಶ ಕೇಳಬಹುದೇ. ಅಷ್ಟಾದರೂ ಅವರ ತಲೆಯಿಂದ ಹಾಳೆಗೆ ಇಳಿಯಲಿ. ಮನಸ್ಸು ತೀರಾ ಕುಸಿದಂತೆ ಕಂಡರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಸಲ ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ ಆ ಮುಲಾಮಿನ ಟ್ಯೂಬನ್ನು ಮರೆಯದೆ ಚೀಲದಲ್ಲಿ ಹಾಕಿಕೊಳ್ಳಿ. ಅದನ್ನು ನೋಡಿ ಅವರು ಏನಂದರು ಅಂತ ನಮಗೂ ಒಂದು ಸಾಲು ಬರೆಯಿರಿ.