ಸಿಹಿ ಬಿಟ್ಟರೂ ಸಕ್ಕರೆ ಇಳಿಯುತ್ತಿಲ್ಲವೇಕೆ?

ಪ್ರಶ್ನೆ: ನನಗೆ 54 ವರ್ಷ. ಆರು ವರ್ಷಗಳಿಂದ ಟೈಪ್ 2 ಮಧುಮೇಹವಿದ್ದು, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆಗಳನ್ನು ಬೆಳಿಗ್ಗೆ ತೆಗೆದುಕೊಳ್ಳುತ್ತೇನೆ. ಸಿಹಿಯನ್ನು ಪೂರ್ತಿ ಬಿಟ್ಟಿದ್ದೇನೆ, ಅಕ್ಕಿಯ ಬದಲು ಗೋಧಿ ತಿನ್ನುತ್ತೇನೆ. ಬೆಳಗಿನ ಉಪಾಹಾರ ಮಾಡುವುದಿಲ್ಲ. ಮಧ್ಯಾಹ್ನ ಒಂದು ಊಟ, ರಾತ್ರಿ ಹತ್ತರ ನಂತರ ಇನ್ನೊಂದು. ಆದರೂ ಖಾಲಿ ಹೊಟ್ಟೆಯಲ್ಲಿ 150, ಊಟವಾದ ಎರಡು ಗಂಟೆಗೆ 240 ಬರುತ್ತಿದೆ. ಹಣ್ಣನ್ನೂ ಬಿಡಬೇಕೇ?

ಉತ್ತರ: ನಿಮ್ಮ ಶ್ರಮವೆಲ್ಲ ಏನನ್ನು ತಿನ್ನಬಾರದು ಎಂಬುದರ ಮೇಲೆಯೇ ಹೋಗಿದೆ, ಎಷ್ಟು, ಯಾವಾಗ ಎಂಬ ಪ್ರಶ್ನೆಗಳು ಹಾಗೆಯೇ ಉಳಿದಿವೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಇದ್ದರೆ, ಅಷ್ಟೇ ಗೋಧಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಇರುತ್ತದೆ. ತವುಡು ಇರುವ ಹಿಟ್ಟಿನಲ್ಲಿ ನಾರಿನಂಶ ಹೆಚ್ಚು ಎಂಬುದು ನಿಜವಾದರೂ, ಗೋಧಿ ಒಳ್ಳೆಯದೆಂಬ ಧೈರ್ಯದಲ್ಲಿ ಎರಡು ಪಾಲು ತಿಂದರೆ ಲಾಭವೇನೂ ಉಳಿಯುವುದಿಲ್ಲ. ತಟ್ಟೆಯ ಅರ್ಧ ಭಾಗ ಪಿಷ್ಟ ಕಡಿಮೆಯಿರುವ ತರಕಾರಿ, ಕಾಲು ಭಾಗ ಬೇಳೆಕಾಳು, ಮೊಟ್ಟೆ ಅಥವಾ ಮೀನಿನಂಥ ಪ್ರೋಟೀನು, ಉಳಿದ ಕಾಲು ಭಾಗ ಮಾತ್ರ ಧಾನ್ಯವಿರಲಿ. ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಧಾನ್ಯವನ್ನು ಕೊನೆಗೆ ಉಳಿಸಿಕೊಂಡರೆ ಜಠರ ನಿಧಾನವಾಗಿ ಖಾಲಿಯಾಗುವುದರಿಂದ, ಅದೇ ಊಟದ ನಂತರವೂ ರಕ್ತದ ಸಕ್ಕರೆ ಅಷ್ಟು ಎತ್ತರಕ್ಕೆ ಜಿಗಿಯುವುದಿಲ್ಲ. ಖರ್ಚಿಲ್ಲದ ಈ ಉಪಾಯವನ್ನು ಬಹಳ ಮಂದಿ ಲಘುವಾಗಿ ಕಾಣುತ್ತಾರೆ.

ಇನ್ನು ಹೊತ್ತಿನ ವಿಚಾರ. ರಾತ್ರಿಯಾದಂತೆ ಇನ್ಸುಲಿನ್ನಿನ ಪರಿಣಾಮ ಕುಗ್ಗುತ್ತದೆ. ಹತ್ತರ ನಂತರ ಹೊಟ್ಟೆ ತುಂಬ ಉಂಡು ಮಲಗಿದರೆ ಏರಿದ ಸಕ್ಕರೆ ಇಳಿಯಲು ಬಹಳ ಹೊತ್ತು ಬೇಕು. ಅದರ ಮೇಲೆ ನಸುಕಿನಲ್ಲಿ ಕಾರ್ಟಿಸೋಲ್ ಮುಂತಾದ ಹಾರ್ಮೋನುಗಳ ಪ್ರಭಾವದಿಂದ ಯಕೃತ್ತು ತನ್ನ ದಾಸ್ತಾನಿನ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಹೀಗಾಗಿ ಏನೂ ತಿನ್ನದ ಹೊತ್ತಿನಲ್ಲೂ 150 ಕಾಣುವುದು ಆಶ್ಚರ್ಯವಲ್ಲ. ರಾತ್ರಿಯೂಟವನ್ನು ಎರಡು ಮೂರು ಗಂಟೆ ಹಿಂದಕ್ಕೆ ತನ್ನಿ, ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ.

ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಆತಂಕ ತಂದದ್ದು ಬೇರೆಯೇ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಅದನ್ನು ನುಂಗಿ ಉಪಾಹಾರ ತಪ್ಪಿಸಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ನಡುಕ, ಬೆವರು, ಗಲಿಬಿಲಿ ಕಾಣಿಸಿಕೊಳ್ಳಬಹುದು. ಹಾಗಾದಾಗ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ತೆಗೆದುಕೊಂಡು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಉಪಾಹಾರ ಬೇಡವೆಂದಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ ಮಾತ್ರೆಯ ಹೊತ್ತನ್ನು ಅವರಿಂದಲೇ ಬದಲಿಸಿಕೊಳ್ಳಿ, ನೀವಾಗಿಯೇ ನಿಲ್ಲಿಸಬೇಡಿ. ಬಹುಪಾಲು ವಯಸ್ಕರಿಗೆ ಗುರಿ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರ ಒಳಗೆ. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಮಾಡಿಸಿ. ಆಗೊಮ್ಮೆ ಈಗೊಮ್ಮೆ ಚುಚ್ಚಿ ನೋಡಿದ ಅಂಕಿಗಳಿಂದ ಪೂರ್ಣ ಚಿತ್ರ ಸಿಗದು.

ಹಣ್ಣು ಬಿಡಬೇಕಾಗಿಲ್ಲ. ಇಡಿಯಾಗಿ ಕಚ್ಚಿ ತಿನ್ನಿ, ಒಂದು ಸಲಕ್ಕೆ ಒಂದು ಸಣ್ಣ ಹಣ್ಣು ಸಾಕು. ರಸ ಮಾತ್ರ ಬೇಡ: ಒಂದು ಲೋಟಕ್ಕೆ ಮೂರು ನಾಲ್ಕು ಹಣ್ಣು ಬೇಕಾಗುತ್ತದೆ, ನಾರೆಲ್ಲ ಜರಡಿಯಲ್ಲೇ ಉಳಿಯುತ್ತದೆ.