ಅರವತ್ತೊಂದರಲ್ಲಿ ಒಂದು

ಪ್ರಶ್ನೆ: ಹರಪ್ಪ ನಾಗರಿಕತೆಯ ಊರಾದ ರಾಖಿಗಢಿಯ 61 ಮೂಳೆ ಮಾದರಿಗಳಲ್ಲಿ ಡಿಎನ್‌ಎ ಸಿಕ್ಕಿದ್ದು ಒಂದರಲ್ಲಿ ಮಾತ್ರವಂತೆ. ಉಳಿದವು ಏನಾದವು? (ಗದಗದ ಓದುಗರು)

ಉತ್ತರ: ಸೆಕೆ ತಿಂದುಹಾಕಿತು. ಸತ್ತ ಮೇಲೆ ಡಿಎನ್‌ಎ ಎಳೆ ತುಂಡಾಗುತ್ತಾ ಹೋಗುತ್ತದೆ. ನೀರಿನ ಜೊತೆ ಶಾಖವೂ ಸೇರಿದರೆ ಇನ್ನೂ ಬೇಗ. ಹರಿಯಾಣದ ಆ ಮಣ್ಣು ನಾಲ್ಕು ಸಾವಿರ ವರ್ಷಕ್ಕೂ ಮೇಲ್ಪಟ್ಟು ಬೇಸಿಗೆಯಲ್ಲಿ ಕಾದಿದೆ, ಮಳೆಗಾಲದಲ್ಲಿ ನೆನೆದಿದೆ. ಕೈಗೆ ಗಟ್ಟಿಯಾಗಿ ಕಾಣುವ ಮೂಳೆಯ ಒಳಗೂ ಏನೂ ಉಳಿದಿರುವುದಿಲ್ಲ. ಉಳಿದಿದ್ದು ಒಬ್ಬ ಹೆಂಗಸಿನದು, ಪ್ರಯೋಗಾಲಯದ ಗುರುತು ಐ6113. ಅದೂ ಸುಲಭಕ್ಕೆ ಬರಲಿಲ್ಲ. ಡಿಎನ್‌ಎ ತುಣುಕುಗಳ ತುದಿಗೆ ಗುರುತಿನ ಎಳೆ ಅಂಟಿಸಿ ಓದಲು ಅಣಿಮಾಡುವುದಕ್ಕೆ ‘ಲೈಬ್ರರಿ’ ಎನ್ನುತ್ತಾರೆ. ಅಂಥವನ್ನು ನೂರಕ್ಕೂ ಹೆಚ್ಚು ಕಟ್ಟಿ, ಡಿಎನ್‌ಎಯ ಸುಮಾರು 12 ಲಕ್ಷ ಜಾಗಗಳಲ್ಲಿ ಹುಡುಕಿದರೆ ದಕ್ಕಿದ್ದು 31,760. ಅದೇ ರೂಪಕುಂಡ ನೋಡಿ: ಹಿಮಾಲಯದಲ್ಲಿ 5,029 ಮೀಟರ್ ಎತ್ತರದ ಹಿಮದ ಕೆರೆ, 38 ಅಸ್ಥಿಗಳ ಡಿಎನ್‌ಎ ಓದಲು ಸಿಕ್ಕಿತು.

ಪ್ರಶ್ನೆ: ಕಿವಿಯ ಮೂಳೆಯನ್ನೇ ಯಾಕೆ ಕೊರೆಯುತ್ತಾರೆ? ಅಗೆದವರ ಡಿಎನ್‌ಎ ಅದರಲ್ಲಿ ಬೆರೆತಿಲ್ಲ ಎಂದು ತಿಳಿಯುವುದು ಹೇಗೆ? (ಧಾರವಾಡದ ವಿದ್ಯಾರ್ಥಿನಿ)

ಉತ್ತರ: ಒಳಕಿವಿಯನ್ನು ಸುತ್ತಿರುವ ಪೆಟ್ರಸ್ ಭಾಗ ದೇಹದ ಅತಿ ಸಾಂದ್ರ ಮೂಳೆಗಳಲ್ಲೊಂದು. ಬ್ಯಾಕ್ಟೀರಿಯಾ ಅಲ್ಲಿಗೆ ನುಗ್ಗುವುದು ಕಷ್ಟ. ಮೊದಲು ಮೇಲ್ಪದರವನ್ನು ಉಜ್ಜಿ ತೆಗೆಯುತ್ತಾರೆ. ಆಮೇಲೆ ಡ್ರಿಲ್ಲನ್ನು ನಿಧಾನ ವೇಗದಲ್ಲಿ ಓಡಿಸುತ್ತಾರೆ. ಅವಸರ ಮಾಡಿದರೆ ಬಿಸಿಯೇರಿ ಉಳಿದದ್ದೂ ಹಾಳು. ಬೇಕಾದ ಪುಡಿ 50 ಮಿಲಿಗ್ರಾಂ ಆಸುಪಾಸು, ಚಿಟಿಕೆಗೂ ಕಡಿಮೆ. ಅದನ್ನು ಇಡಿಟಿಎ ಮತ್ತು ಪ್ರೊಟೀನೇಸ್-ಕೆ ದ್ರವದಲ್ಲಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುತ್ತಾರೆ. ಮೊದಲನೆಯದು ಸುಣ್ಣದಂಶ ಕರಗಿಸುತ್ತದೆ, ಎರಡನೆಯದು ಪ್ರೊಟೀನು. ಬಿಡುಗಡೆಯಾದ ಡಿಎನ್‌ಎ ಸಿಲಿಕಾಕ್ಕೆ ಅಂಟಿಕೊಳ್ಳುತ್ತದೆ.

ಪ್ರತಿ ಸರದಿಯಲ್ಲೂ ಮೂಳೆಪುಡಿಯಿಲ್ಲದ ಒಂದು ಕೊಳವೆಯನ್ನು ಇದೇ ಹಂತಗಳಲ್ಲಿ ದಾಟಿಸುತ್ತಾರೆ. ಅದರಲ್ಲೂ ಮನುಷ್ಯನ ಡಿಎನ್‌ಎ ಕಂಡರೆ ಎಲ್ಲೋ ಕೈ ತಾಕಿದೆ ಎಂದರ್ಥ. ಹಳತಿಗೆ ತನ್ನದೇ ರುಜು ಇದೆ: ತುಣುಕುಗಳು ಬಹಳ ಗಿಡ್ಡ, ತುದಿಗಳಲ್ಲಿ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲೊಂದಾದ ‘ಸಿ’ ಕೆಟ್ಟು ‘ಟಿ’ ಎಂದು ಓದಿಸಿಕೊಳ್ಳುತ್ತದೆ. ನಿನ್ನೆ ಮೊನ್ನೆಯ ಬೆವರಿನಲ್ಲಿ ಈ ರುಜು ಇರುವುದಿಲ್ಲ. ಗಂಡಸಿನ ಮೂಳೆಯಾದರೆ ಇನ್ನೊಂದು ಪರೀಕ್ಷೆಯೂ ಉಂಟು: ಆತನಿಗೆ ಇರುವುದು ಒಂದೇ ಎಕ್ಸ್ ವರ್ಣತಂತು, ಅದರಲ್ಲಿ ಎರಡು ಬಗೆಯ ಪಾಠ ಸಿಕ್ಕರೆ ಬೇರೆಯವರು ಸೇರಿದ್ದಾರೆ.

ಪ್ರಶ್ನೆ: ಒಬ್ಬಳನ್ನು ನೋಡಿ ಇಡೀ ಹರಪ್ಪದ ಬಗ್ಗೆ ಮಾತಾಡಬಹುದೇ? ಅವಳು ಕನ್ನಡದಂಥ ದ್ರಾವಿಡ ನುಡಿ ಆಡುತ್ತಿದ್ದಳೇ? (ಬಳ್ಳಾರಿಯ ಓದುಗರು)

ಉತ್ತರ: ಒಬ್ಬಳೇ ಆಗಿದ್ದರೆ ಕಷ್ಟವಿತ್ತು. ತುರ್ಕ್‌ಮೆನಿಸ್ತಾನದ ಗೋನೂರ್ ಮತ್ತು ಇರಾನಿನ ಶಹರ್-ಇ-ಸೋಖ್ತಾದಲ್ಲಿ, ಅಲ್ಲಿನವರಿಗೆ ಹೊಂದದ 11 ಮಂದಿಯ ಡಿಎನ್‌ಎ ಈಕೆಯದಕ್ಕೆ ತಾಳೆಯಾಯಿತು. ವ್ಯಾಪಾರದ ನಂಟಿದ್ದ ಊರುಗಳಿಗೆ ಸಿಂಧೂ ಕಡೆಯಿಂದ ಹೋದವರು ಅಥವಾ ಅವರ ಮಕ್ಕಳು ಎಂಬ ಊಹೆಗೆ ಅದರಿಂದ ಬಲ ಬಂತು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈಕೆಯಲ್ಲಿ ಇರಾನ್ ಕಡೆಯವರಿಗೆ ಹತ್ತಿರದ ಒಂದು ವಂಶದ ಎಳೆಯೂ, ಅಂಡಮಾನಿಗರಿಗೆ ದೂರದ ನೆಂಟಸ್ತನವಿರುವ ಬೇಟೆಗಾರರ ಎಳೆಯೂ ಇವೆ. ಯುರೇಷಿಯಾದ ಹುಲ್ಲುಗಾವಲಿನ (ಸ್ಟೆಪ್) ಪಶುಪಾಲಕರ ಎಳೆ ಇಲ್ಲ. ಇರಾನಿನ ರೈತರಿಂದ ಆ ಮೊದಲ ಎಳೆ ಬೇರೆಯಾದದ್ದು ಕೃಷಿ ಶುರುವಾಗುವ ಮೊದಲೇ. ಭಾಷೆಯ ಮಾತೇ ಬೇರೆ. ಮೂಳೆಗೆ ಬಾಯಿಲ್ಲ.

ಪ್ರಶ್ನೆ: ಹೊಲ ಉಳುವಾಗ ಮಡಕೆಯೊಳಗೆ ಮೂಳೆ ಸಿಕ್ಕರೆ? (ಚಿತ್ರದುರ್ಗದ ರೈತರು)

ಉತ್ತರ: ನೇಗಿಲು ನಿಲ್ಲಿಸಿ, ಇದ್ದಲ್ಲೇ ಬಿಟ್ಟು ಪುರಾತತ್ವ ಇಲಾಖೆಗೆ ತಿಳಿಸಿ. ತೊಳೆಯಬೇಡಿ, ಬಿಸಿಲಿಗೆ ಹರವಬೇಡಿ, ಮುರಿದದ್ದನ್ನು ಫೆವಿಕಾಲ್ ಹಾಕಿ ಅಂಟಿಸಬೇಡಿ. ತೊಳೆದ ಮೂಳೆಗೆ ನೀರಿನ ಜೊತೆ ಹೊರಗಿನ ಡಿಎನ್‌ಎ ಇಳಿಯುತ್ತದೆ. ಹಲ್ಲು ಕಂಡರೆ ಅದನ್ನಂತೂ ಮುಟ್ಟಲೇಬೇಡಿ: ಅದರ ಹೊಳಪಿನ ಪದರದಲ್ಲಿರುವ ಸ್ಟ್ರಾಂಷಿಯಂ ಅವರು ಬಾಲ್ಯದಲ್ಲಿ ಯಾವ ಬಗೆಯ ಮಣ್ಣಿನ ಬೆಳೆ ಉಂಡರು ಎಂಬುದನ್ನು ತೋರಿಸುತ್ತದೆ. ಡಿಎನ್‌ಎ ತಾತಮುತ್ತಾತರನ್ನು ತೋರಿಸಿದರೆ, ಹಲ್ಲು ತೋರಿಸುವುದು ಆ ಒಬ್ಬರು ಎಲ್ಲಿ ಬೆಳೆದರು ಎಂಬುದನ್ನು.