ಕೊಂದವರಿಗೆ ಹೆಸರಿದೆ, ಸತ್ತವರಿಗಿಲ್ಲ

ಧಾರವಾಡದ ಓದುಗರೊಬ್ಬರ ಪತ್ರದ ಸಾರ: “ಆಲಿವರ್ ಸ್ಟೋನ್ ಅವರ ‘ನ್ಯಾಚುರಲ್ ಬಾರ್ನ್ ಕಿಲ್ಲರ್ಸ್’ (1994) ಚಿತ್ರವನ್ನು ನಿಮ್ಮ ಪತ್ರಿಕೆ ಮಾಧ್ಯಮಗಳ ವಿಡಂಬನೆ ಎಂದು ಹೊಗಳಿದೆ. ನನಗೆ ಕಂಡದ್ದು ಎರಡು ಗಂಟೆಯ ರಕ್ತಪಾತ. ಹಿಂಸೆಯನ್ನು ಖಂಡಿಸುತ್ತೇನೆಂದು ಹೇಳಿ ಹಿಂಸೆಯನ್ನೇ ಮಾರಿದರೆ ಅದು ವಿಡಂಬನೆಯೇ? ಈ ಚಿತ್ರ ನೋಡಿ ಅಮೆರಿಕದಲ್ಲಿ ಕೊಲೆಗಳೂ ನಡೆದವಂತೆ. ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಇದನ್ನು ತೋರಿಸುವ ಮಾತು ನಡೆದಿದೆ. ತೋರಿಸಬಹುದೇ?”

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೇ ಹೆಚ್ಚು ತೂಕ. ಕಥೆಯನ್ನಷ್ಟೇ ಹಿಡಿದು ನೋಡಿದರೆ ನಿಮ್ಮ ಮಾತು ಸರಿ ಎನಿಸುತ್ತದೆ. ಮಿಕ್ಕಿ ಮತ್ತು ಮ್ಯಾಲರಿ ಎಂಬ ಗಂಡ-ಹೆಂಡತಿ ಐವತ್ತಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತಾರೆ, ವೇಯ್ನ್ ಗೇಲ್ ಎಂಬ ಟಿ.ವಿ. ನಿರೂಪಕ ಅವರನ್ನು ತಾರೆಗಳನ್ನಾಗಿ ಮಾಡುತ್ತಾನೆ, ಸಿಕ್ಕಿಬಿದ್ದ ಮೇಲೆ ಜೈಲಿನಲ್ಲಿ ಸಂದರ್ಶಿಸುತ್ತಾನೆ, ಕೊನೆಗೆ ಅವರ ಕೈಯಲ್ಲೇ ಸಾಯುತ್ತಾನೆ. ಇಷ್ಟರಲ್ಲಿ ವಿಡಂಬನೆ ಎಲ್ಲಿದೆ ಎಂದು ಕೇಳಿದರೆ, ಚಿತ್ರವನ್ನು ಕಟ್ಟಿದ ರೀತಿಯನ್ನು ನೋಡಬೇಕಾಗುತ್ತದೆ.

ಆ ಕಾಲದ ಸಾಮಾನ್ಯ ಚಿತ್ರವೊಂದರಲ್ಲಿ ಆರೇಳು ನೂರು ಕಟ್‌ಗಳಿದ್ದರೆ (ಒಂದು ಶಾಟ್‌ನಿಂದ ಇನ್ನೊಂದಕ್ಕೆ ಜಿಗಿಯುವ ಜಾಗಗಳು), ಇದರಲ್ಲಿ ಸುಮಾರು 3000 ಇವೆ. ಹ್ಯಾಂಕ್ ಕಾರ್ವಿನ್ ಮತ್ತು ಬ್ರಯನ್ ಬರ್ಡನ್ ಅವರಿಗೆ ಸಂಕಲನ ಮುಗಿಸಲು 11 ತಿಂಗಳು ಹಿಡಿಯಿತು. ಛಾಯಾಗ್ರಾಹಕ ರಾಬರ್ಟ್ ರಿಚರ್ಡ್‌ಸನ್ 35 ಎಂ.ಎಂ., 16 ಎಂ.ಎಂ., ಸೂಪರ್ 8 ಎಂಬ ಬೇರೆ ಬೇರೆ ಅಗಲದ ಫಿಲ್ಮುಗಳು, ವಿಡಿಯೊ, ಕಪ್ಪು-ಬಿಳುಪು ಎಲ್ಲವನ್ನೂ ಒಂದೇ ದೃಶ್ಯದೊಳಗೆ ಬೆರೆಸಿದ್ದಾರೆ. ನಡುವೆ ಆನಿಮೇಷನ್ ತುಣುಕುಗಳೂ ಬರುತ್ತವೆ. ಒಬ್ಬ ಪಾತ್ರ ಬಾಗಿಲು ತೆರೆಯುವಷ್ಟರಲ್ಲಿ ಚಿತ್ರದ ಮೈ ಮೂರು ಸಲ ಬದಲಾಗಿರುತ್ತದೆ. ಕೈಯಲ್ಲಿ ರಿಮೋಟ್ ಹಿಡಿದು ಚಾನೆಲ್ ತಿರುಗಿಸುತ್ತ ಕೂತವನ ಕಣ್ಣಿಗೆ ಲೋಕ ಹೇಗೆ ಕಾಣುತ್ತದೋ ಹಾಗೆ ಕೊಲೆಗಾರರ ತಲೆಯೊಳಗನ್ನು ತೋರಿಸುವ ಪ್ರಯತ್ನ ಇದು. ಹಸಿರು ಬಣ್ಣವನ್ನೂ ಗಮನಿಸಿ. ಮೊದಲ ದೃಶ್ಯದಲ್ಲಿ ಮಿಕ್ಕಿ ತಿನ್ನುವ ಪೈ ಹಸಿರು, ಮುಂದೆ ಔಷಧದಂಗಡಿಯ ದೃಶ್ಯವಿಡೀ ಹಸಿರಿನಲ್ಲಿ ಅದ್ದಿ ತೆಗೆದಂತಿದೆ. ಮನಸ್ಸು ಕೆಟ್ಟ ಕಡೆಯೆಲ್ಲ ಆ ಬಣ್ಣ ಬರುತ್ತದೆ.

ವಿಡಂಬನೆಯ ಶಿಖರ ಮಾತ್ರ ಮ್ಯಾಲರಿಯ ಮನೆಯ ದೃಶ್ಯ. ತೊಂಬತ್ತರ ದಶಕದ ಪ್ರೇಕ್ಷಕನಿಗೆ ಚೆನ್ನಾಗಿ ಪರಿಚಯವಿದ್ದ ಟಿ.ವಿ. ಹಾಸ್ಯ ಧಾರಾವಾಹಿಯ ಅಚ್ಚಿನಲ್ಲಿ ಅದನ್ನು ತೆಗೆದಿದ್ದಾರೆ. ನೆರಳೇ ಬೀಳದ ಚಪ್ಪಟೆ ಬೆಳಕು, ಸೋಫಾ, ಹಿನ್ನೆಲೆಯಲ್ಲಿ ರೆಕಾರ್ಡ್ ಮಾಡಿದ ನಗು, ಯಾರಾದರೂ ಒಳಗೆ ಬಂದರೆ ಚಪ್ಪಾಳೆ. ತಂದೆಯ ಪಾತ್ರಕ್ಕೆ ಆರಿಸಿದ್ದು ರಾಡ್ನಿ ಡೇಂಜರ್‌ಫೀಲ್ಡ್ ಅವರನ್ನು, ಅಂದರೆ ಮುಖ ಕಂಡರೇ ಅಮೆರಿಕನ್ನರು ನಗುತ್ತಿದ್ದ ಹಾಸ್ಯ ನಟರನ್ನು. ಆ ತಂದೆ ಮಗಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸುವವನು. ಅವನು ಬಾಯಿಬಿಟ್ಟು ಬೆದರಿಸಿದಾಗಲೆಲ್ಲ ಆ ಕಾಣದ ಜನ ಗೊಳ್ಳೆಂದು ನಗುತ್ತಾರೆ. ಎಲ್ಲಿ ನಗಬೇಕೆಂದು ಇಷ್ಟು ವರ್ಷ ಟಿ.ವಿ. ಕಲಿಸಿದ ಅಭ್ಯಾಸದಿಂದ ಮೊದಲೆರಡು ಸಲ ನಮ್ಮ ತುಟಿಯೂ ಅರಳುತ್ತದೆ. ಮೂರನೆಯ ಸಲಕ್ಕೆ ಹೊಟ್ಟೆ ತೊಳಸುತ್ತದೆ. ದೃಶ್ಯದ ಕೆಲಸವೇ ಅದು. ಧ್ವನಿ ಮುಚ್ಚಿ ಇದನ್ನೊಮ್ಮೆ ನೋಡಿ: ನಗು ಹೋದ ಕೂಡಲೇ ಉಳಿಯುವುದು ಭಯದಲ್ಲಿ ಮುದುಡಿದ ಒಂದು ಹುಡುಗಿ ಮಾತ್ರ.

ಇನ್ನೊಂದು ತಂತ್ರ ಬ್ಯಾಕ್ ಪ್ರೊಜೆಕ್ಷನ್, ಅಂದರೆ ನಟರ ಹಿಂದಿನ ಪರದೆಯ ಮೇಲೆ ಬೇರೆ ಚಿತ್ರ ಹಾಯಿಸುವುದು. ಮೋಟೆಲ್ ಕೋಣೆಯ ಕಿಟಕಿಯಾಚೆ ಕಾಣುವುದು ಬೀದಿಯಲ್ಲ, ಇಪ್ಪತ್ತನೆಯ ಶತಮಾನದ ಕ್ರೌರ್ಯದ ತುಣುಕುಗಳು. ಅದೇ ಕೋಣೆಯ ಟಿ.ವಿ.ಯಲ್ಲಿ ಸ್ಟೋನ್ ಹಿಂದೆ ತಾವೇ ಚಿತ್ರಕಥೆ ಬರೆದಿದ್ದ ಹಿಂಸಾತ್ಮಕ ಚಿತ್ರಗಳ ದೃಶ್ಯಗಳೂ ಹಾದುಹೋಗುತ್ತವೆ. ಆರೋಪಿಗಳ ಪಟ್ಟಿಯಲ್ಲಿ ತಮ್ಮನ್ನೂ ಸೇರಿಸಿಕೊಂಡದ್ದು ದೊಡ್ಡ ಮಾತು ಎಂದು ನಾವು ಭಾವಿಸುತ್ತೇವೆ. ಮುಂದೆ ಮೂಲನಿವಾಸಿ ವೃದ್ಧನ ಗುಡಿಸಲಿನಲ್ಲಿ ಈ ಜೋಡಿಯ ಮೈಮೇಲೆ ಅಕ್ಷರಗಳು ಮೂಡುತ್ತವೆ: ದೆವ್ವ, ಟಿ.ವಿ. ಅತಿಯಾಯಿತು. ಇದು ಸ್ವಲ್ಪ ಬಾಯಿಬಿಟ್ಟು ಹೇಳಿದಂತಾಯಿತು, ಒಪ್ಪುತ್ತೇವೆ.

ಇನ್ನು ನಿಮ್ಮ ಆಕ್ಷೇಪದಲ್ಲಿರುವ ನಿಜ. ಮೊದಲ ಡೈನರ್ (ರಸ್ತೆಬದಿಯ ಹೋಟೆಲು) ದೃಶ್ಯದಲ್ಲಿ ಗುಂಡು ಅಡುಗೆಯಾಕೆಯ ಮುಖದ ಮುಂದೆ ಗಾಳಿಯಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಎಸೆದ ಚಾಕುವಿನ ಬೆನ್ನೇರಿ ಕ್ಯಾಮೆರಾ ಹಾರುತ್ತದೆ. ಅಂದರೆ ಪ್ರೇಕ್ಷಕನನ್ನು ಆಯುಧದ ಕಡೆ ಕೂರಿಸಲಾಗಿದೆ, ಸಾಯುವವರ ಕಡೆ ಅಲ್ಲ. ವುಡಿ ಹ್ಯಾರೆಲ್ಸನ್ ಮತ್ತು ಜೂಲಿಯೆಟ್ ಲೂಯಿಸ್ ಅವರ ಆಕರ್ಷಣೆಯೆಲ್ಲ ಕೊಲೆಗಾರರ ಪಾಲಿಗೆ ಬಂದಿದೆ. ಪೊಲೀಸ್, ಜೈಲು ವಾರ್ಡನ್, ಪತ್ರಕರ್ತ ಎಲ್ಲರೂ ಅವರಿಗಿಂತ ನೀಚರಾಗಿ ಕಾಣುತ್ತಾರೆ. ರಸೆಲ್ ಮೀನ್ಸ್ ಮಾಡಿದ ಆ ಮೂಲನಿವಾಸಿ ವೃದ್ಧನ ಪಾತ್ರವೊಂದನ್ನು ಬಿಟ್ಟರೆ ಯಾರ ಸಾವಿಗೂ ಚಿತ್ರ ನಿಂತು ದುಃಖಿಸುವುದಿಲ್ಲ. ಪ್ರತಿ ಕೊಲೆಯಲ್ಲೂ ಕಥೆ ಹೇಳಲು ಒಬ್ಬನನ್ನು ಉಳಿಸುವುದು ಈ ಜೋಡಿಯ ಪದ್ಧತಿ. ಕೊನೆಯಲ್ಲಿ ವೇಯ್ನ್ ಗೇಲ್ ಅದನ್ನೇ ನೆನಪಿಸಿ ಬೇಡಿಕೊಂಡಾಗ, ಈ ಸಲ ಉಳಿಯುವ ಸಾಕ್ಷಿ ಅವನ ಕ್ಯಾಮೆರಾ ಎನ್ನುತ್ತಾರೆ. ಜಾಣ ಮಾತು. ಆದರೆ ಸತ್ತ ಐವತ್ತು ಚಿಲ್ಲರೆ ಜನರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತಾಯಿತು? ಕೊಲೆಗಾರನ ಮುಖವನ್ನೇ ತಿರುಗಿಸಿ ಮುರುಗಿಸಿ ತೋರಿಸುವುದು ಟಿ.ವಿ.ಯ ಪಾಪವಾದರೆ ಚಿತ್ರವೂ ಅದರಲ್ಲಿ ಪಾಲುದಾರ. ರಕ್ತದ ಪ್ರಮಾಣಕ್ಕಿಂತ ಇದೇ ಅದರ ದೊಡ್ಡ ದೋಷ ಎಂಬುದು ನಮ್ಮ ಖಚಿತ ಅಭಿಪ್ರಾಯ.

ರಕ್ತದ ಪ್ರಮಾಣವನ್ನು ಕತ್ತರಿಸಿ ನೋಡಿದವರೂ ಇದ್ದಾರೆ. ಅಮೆರಿಕದ ರೇಟಿಂಗ್ ಮಂಡಳಿಯಿಂದ ‘ಆರ್’ (17 ತುಂಬದವರು ಹಿರಿಯರೊಂದಿಗೆ ಮಾತ್ರ ನೋಡಬಹುದಾದ ದರ್ಜೆ) ಪಡೆಯಲು ಸುಮಾರು 150 ಕಡೆ ಕತ್ತರಿ ಹಾಕಬೇಕಾಯಿತು. ಹೋದದ್ದು ಒಟ್ಟು ಮೂರ್ನಾಲ್ಕು ನಿಮಿಷ, ಆದರೆ ಅದರಲ್ಲಿ ಅತಿರೇಕದ ಶಾಟ್‌ಗಳೂ ಇದ್ದವು: ಗುಂಡು ತೂರಿದ ಅಂಗೈಯ ತೂತಿನೊಳಗಿಂದ ಕ್ಯಾಮೆರಾ ಆಚೆ ನೋಡುವುದು, ಕೋಲಿನ ಮೇಲೆ ಸಿಕ್ಕಿಸಿದ ವಾರ್ಡನ್ನನ ತಲೆ. ಇವು ನೈಜ ಎನಿಸದಷ್ಟು ಅತಿಯಾದ್ದರಿಂದಲೇ ವಿಡಂಬನೆಯ ಜಾತಿಗೆ ಸೇರಿದವು. ಅವನ್ನು ತೆಗೆದು ಉಳಿಸಿದ ಹಿಂಸೆ ಹೆಚ್ಚು ನಂಬುವಂತೆ, ಹೆಚ್ಚು ನುಣುಪಾಗಿ ಕಾಣುತ್ತದೆ.

ಎರಡನೆಯ ಪ್ರಶ್ನೆ, ಕೊಲೆಗಳದು. 1995ರ ಮಾರ್ಚ್‌ನಲ್ಲಿ ಒಂದು ಯುವ ಜೋಡಿ ಎಲ್‌ಎಸ್‌ಡಿ ಎಂಬ ಮಾದಕ ವಸ್ತು ಸೇವಿಸಿ ಈ ಚಿತ್ರ ನೋಡಿ ಹೊರಟು, ಮಿಸಿಸಿಪ್ಪಿಯಲ್ಲಿ ಒಬ್ಬರನ್ನು ಕೊಂದು, ಲೂಯಿಸಿಯಾನಾದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಮಹಿಳೆಯ ಮೇಲೆ ಗುಂಡು ಹಾರಿಸಿತು. ಆಕೆಯ ಕೈಕಾಲುಗಳು ಸ್ವಾಧೀನ ಕಳೆದುಕೊಂಡವು. ಮೃತರನ್ನು ಬಲ್ಲ ಕಾದಂಬರಿಕಾರ ಜಾನ್ ಗ್ರಿಷಮ್, ಸಿನಿಮಾವೂ ಮಾರುಕಟ್ಟೆಯ ಒಂದು ಸರಕು, ಅದರಿಂದ ಹಾನಿಯಾದರೆ ತಯಾರಕರು ದಂಡ ತೆರಲಿ ಎಂದು 1996ರಲ್ಲಿ ಬರೆದರು. ಗಾಯಗೊಂಡ ಮಹಿಳೆಯ ಕಡೆಯವರು ಹೂಡಿದ ದಾವೆಯನ್ನು ಕೆಳ ನ್ಯಾಯಾಲಯ 1997ರಲ್ಲಿ ವಜಾ ಮಾಡಿತು. 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಅದಕ್ಕೆ ಮತ್ತೆ ಜೀವ ಕೊಟ್ಟಿತು. ಇದನ್ನು ಚಿತ್ರದ ಮೇಲಿನ ತೀರ್ಪು ಎಂದು ಹಲವರು ತಪ್ಪು ತಿಳಿದಿದ್ದಾರೆ. ಆ ಹಂತದಲ್ಲಿ ದೂರಿನ ಆರೋಪಗಳನ್ನು ನಿಜವೆಂದೇ ಇಟ್ಟುಕೊಂಡು ದಾವೆ ನಿಲ್ಲುತ್ತದೆಯೇ ಎಂದಷ್ಟೇ ನೋಡುತ್ತಾರೆ. ಹಿಂಸೆಗೆ ಪ್ರಚೋದಿಸುವ ಉದ್ದೇಶವೇ ತಯಾರಕರಿಗಿತ್ತು ಎಂಬುದು ಇಲ್ಲಿನ ಆರೋಪ. ಅದಕ್ಕೆ ಸಾಕ್ಷ್ಯ ಸಿಗದೆ 2001ರಲ್ಲಿ ದಾವೆ ಬಿತ್ತು, 2002ರಲ್ಲಿ ಮೇಲ್ಮನವಿಯಲ್ಲೂ ಅದೇ ಉಳಿಯಿತು. ಕೂಡಲೇ ಅಪರಾಧ ನಡೆಸುವಂತೆ ಕೆರಳಿಸುವ ಉದ್ದೇಶವೂ ಬೇಕು, ಹಾಗೆ ನಡೆಯುವ ಸಂಭವವೂ ಬೇಕು ಎಂಬುದು 1969ರಿಂದ ಅಲ್ಲಿನ ಸುಪ್ರೀಂ ಕೋರ್ಟ್ ಹಾಕಿರುವ ಗೆರೆ. ಬ್ರಿಟನ್ನಿನ ಸೆನ್ಸಾರ್ ಮಂಡಳಿಯೂ ಪತ್ರಿಕೆಗಳಲ್ಲಿ ಬಂದ ‘ಅನುಕರಣೆ ಕೊಲೆ’ಗಳನ್ನು ವಿಚಾರಿಸಿ, ಚಿತ್ರವೇ ಕಾರಣ ಎನ್ನಲು ಆಧಾರ ಕಾಣದೆ, 1994ರ ಕೊನೆಯಲ್ಲಿ 18 ತುಂಬಿದವರಿಗೆ ಮಾತ್ರ ಎಂಬ ಪ್ರಮಾಣಪತ್ರ ಕೊಟ್ಟಿತು. ಐರ್ಲೆಂಡ್ ನಿಷೇಧಿಸಿತು. ಆದರೂ 1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಗುಂಡು ಹಾರಿಸಿ ಕೊಂದ ಹಂತಕರು ತಮ್ಮ ಬರಹಗಳಲ್ಲಿ ಈ ಚಿತ್ರದ ಹೆಸರಿನ ಮೊದಲಕ್ಷರಗಳನ್ನು ಸಂಕೇತವಾಗಿ ಬಳಸಿದ್ದನ್ನು ಮರೆಯುವಂತಿಲ್ಲ. ಚಿತ್ರ ಕೊಲೆಗಾರರನ್ನು ಹುಟ್ಟಿಸಿತು ಎನ್ನಲಾಗದು. ಕೊಲ್ಲಲು ಹೊರಟವರಿಗೆ ಒಂದು ವೇಷವನ್ನಂತೂ ಕೊಟ್ಟಿತು.

ಮೂರನೆಯದು, ತೋರಿಸಬಹುದೇ? ವಯಸ್ಕರಿಗೆ, ಚರ್ಚೆಯೊಂದಿಗೆ, ತೋರಿಸಿ. ಕತ್ತರಿ ಬೀಳದ 122 ನಿಮಿಷದ ಆವೃತ್ತಿಯನ್ನೇ ತರಿಸಿ. ಅವಧಿ ನೋಡಿ ಗುರುತಿಸುವಾಗ ಒಂದು ಎಚ್ಚರ: ಪಾಲ್ ಪದ್ಧತಿಯ (ಭಾರತ, ಯುರೋಪುಗಳ ಟಿ.ವಿ. ಮಾದರಿಯ) ಡಿವಿಡಿ ಶೇ. 4ರಷ್ಟು ವೇಗವಾಗಿ ಓಡುವುದರಿಂದ ಅದೇ ಚಿತ್ರ ಅದರಲ್ಲಿ ಸುಮಾರು 117 ನಿಮಿಷಕ್ಕೆ ಮುಗಿಯುತ್ತದೆ. ಮೇಲೆ ಹೇಳಿದ ಅಂಗೈ ತೂತಿನ ಶಾಟ್ ಇದೆಯೇ ಎಂದು ಪರೀಕ್ಷಿಸುವುದೇ ಖಾತ್ರಿ. ಧ್ವನಿಯ ಮಟ್ಟವನ್ನು ಜೈಲಿನ ಸಂದರ್ಶನದ ಮಾತುಗಳಿಗೆ ಹೊಂದಿಸಬೇಡಿ. ಅದರ ಬೆನ್ನಿಗೇ ಬರುವ ಜೈಲು ದಂಗೆಯಲ್ಲಿ ಕಿವಿ ಹರಿದುಹೋಗುತ್ತದೆ. ದಂಗೆಯನ್ನು ಮೊದಲು ಹಾಕಿ ನೋಡಿ, ಅದಕ್ಕೆ ಸಹಿಸುವಷ್ಟು ಇಟ್ಟು, ಮಾತಿಗೆ ಸಬ್‌ಟೈಟಲ್ ನಂಬಿಕೊಳ್ಳಿ. ಮಿನುಗುವ ಬೆಳಕು ವಿಪರೀತ ಇರುವುದರಿಂದ ಅಪಸ್ಮಾರ ಇರುವವರಿಗೂ, ಮನೆಯೊಳಗಿನ ದೌರ್ಜನ್ಯದ ದೃಶ್ಯ ಇರುವುದನ್ನು ಎಲ್ಲರಿಗೂ, ಪೋಸ್ಟರಿನಲ್ಲೇ ತಿಳಿಸಿ. ಚಿತ್ರ ಮುಗಿದ ಕೂಡಲೇ ಚರ್ಚೆಗಿಂತ ಮೊದಲು ಚೀಟಿ ಹಂಚಿ, ನೆನಪಿರುವ ಸತ್ತವರ ಹೆಸರು ಬರೆಯಲು ಹೇಳಿ. ಮಾತು ತಾನಾಗಿ ಶುರುವಾಗುತ್ತದೆ. ಅದಕ್ಕೆ ಮುಕ್ಕಾಲು ಗಂಟೆಯಾದರೂ ಇಟ್ಟುಕೊಳ್ಳಿ.

ಪಿಯು ವಿದ್ಯಾರ್ಥಿಗಳನ್ನು ಕರೆಯಬೇಡಿ. ಮನೆಯ ವೀಕ್ಷಣೆಗೆಂದು ಮಾರುವ ಡಿಸ್ಕನ್ನು ಸಭೆಯಲ್ಲಿ ಹಾಕುವ ಮುನ್ನ ಪ್ರದರ್ಶನದ ಹಕ್ಕಿಗೆ ಬರೆದು ಕೇಳಿ. ಉತ್ತರ ಬರಲು ತಡವಾಗಬಹುದು, ಆದ್ದರಿಂದ ದಿನಾಂಕ ಪ್ರಕಟಿಸುವುದನ್ನು ಅಲ್ಲಿಯವರೆಗೆ ಇಟ್ಟುಕೊಳ್ಳಿ.